ಹೊಳೆಯ ದಿಡ್ಡಿ ಬಾಗಿಲು

ಯಾದಗಿರಿಯ ಕೋಟೆಯ ಬಂಡೆಗಳನ್ನು ಏರಿ ನಿಂತ ಯಾತ್ರಿಕನಿಗೆ ಮೊದಲು ಕಾಣುವುದು ಊರು, ಆಮೇಲೆ ರೈಲುದಾರಿ, ಅದರಾಚೆಗೆ ಭೀಮೆಯ ಹರವು. ಬೇಸಗೆಯಲ್ಲಿ ಬಂದವನಿಗೆ ಆ ಹೊಳೆ ಮರಳು, ಬಂಡೆ ಮತ್ತು ಅಲ್ಲಲ್ಲಿ ನಿಂತ ಮಡುಗಳ ಸಾಲು ಮಾತ್ರ. ಶ್ರಾವಣ ಭಾದ್ರಪದಗಳಲ್ಲಿ ಬಂದವನಿಗೆ ದಡದಿಂದ ದಡಕ್ಕೆ ಕೆಂಪು ನೀರು. ಒಂದೇ ಹೊಳೆ ವರ್ಷದಲ್ಲಿ ಎರಡು ರೂಪ ತಾಳುವ ಈ ನಾಡಿನಲ್ಲಿ, ನೀರಿನ ಮೇಲೆ ಹೋಗುವ ಮನುಷ್ಯನು ಹೋಗುವ ದಾರಿಯೊಂದನ್ನೇ ತಿಳಿದರೆ ಸಾಲದು. ನಡುವೆ ಹೊರಬೀಳುವ ದಾರಿಯನ್ನೂ ತಿಳಿದಿರಬೇಕು.

ಕೋಟೆ ಕಟ್ಟಿಸಿದ ಹಿಂದಿನವರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಆನೆ ಅಂಬಾರಿ ಬರುವುದಕ್ಕೆ ಹೆಬ್ಬಾಗಿಲಾದರೆ, ಆಪತ್ತಿನಲ್ಲಿ ಸದ್ದಿಲ್ಲದೆ ಹೊರಬೀಳುವುದಕ್ಕೆ ಗೋಡೆಯ ಮರೆಯಲ್ಲೊಂದು ದಿಡ್ಡಿ ಬಾಗಿಲು. ದಿನನಿತ್ಯ ಅದನ್ನು ಯಾರೂ ಬಳಸುವುದಿಲ್ಲ. ಬೇಕಾದ ದಿನ ಅದು ಎಲ್ಲಿದೆಯೆಂದು ಹುಡುಕುತ್ತ ನಿಲ್ಲುವುದಕ್ಕೆ ಸಮಯವೂ ಇರುವುದಿಲ್ಲ. ಹೊಳೆಗೂ ಇಂಥ ದಿಡ್ಡಿ ಬಾಗಿಲುಗಳುಂಟು. ಅವುಗಳನ್ನು ಗುರುತಿಸಿದ ನಕಾಶೆಯೇ ದೋಣಿಯಲ್ಲಿ ಇರಬೇಕಾದ ಸಾಮಾನುಗಳಲ್ಲಿ ಅತ್ಯಂತ ಹಗುರವಾದದ್ದು, ಅತ್ಯಂತ ಬೆಲೆಯುಳ್ಳದ್ದು.

ಯಾದಗಿರಿಯಿಂದ ಶಹಾಪುರದ ಕಡೆಗೆ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಭೀಮೆಯ ಸೇತುವೆ ಎದುರಾಗುತ್ತದೆ. ಅದರಾಚೆಗೆ ತೊಗರಿ, ಜೋಳ, ಹತ್ತಿಗಳ ಎರೆಭೂಮಿ. ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳೂ ಸೇರಿಕೊಂಡಿವೆ. ಶಹಾಪುರ ಸಮೀಪಿಸಿದಂತೆ ಬೆಟ್ಟದ ಸಾಲೊಂದು ಅಂಗಾತ ಮಲಗಿದ ಮನುಷ್ಯನ ಆಕಾರದಲ್ಲಿ ಮೇಲೇಳುತ್ತದೆ. ಜನ ಇದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಅಲ್ಲಿ ಕಾಣುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸುರಪುರ; ಬೇಡ ನಾಯಕರು ಆಳಿದ ಗುಡ್ಡಗಳ ನಡುವಿನ ರಾಜಧಾನಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಗುಡ್ಡದ ಮೇಲೆ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಸುರಪುರದಿಂದ ಇನ್ನೂ ದಕ್ಷಿಣಕ್ಕೆ, ಮೌನೇಶ್ವರನ ಕ್ಷೇತ್ರವಾದ ತಿಂಥಣಿಯ ಬಳಿ, ಕೃಷ್ಣೆ ಸಿಗುತ್ತಾಳೆ.

ಹೀಗೆ ಶಹಾಪುರ ಮತ್ತು ಸುರಪುರಗಳು ಎರಡು ದೊಡ್ಡ ಹೊಳೆಗಳ ನಡುವಿನ ನೆಲ. ಉತ್ತರ ಪೂರ್ವಗಳಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ಎರಡೂ ಹತ್ತಿರವಾಗುತ್ತ ಬಂದು ರಾಯಚೂರು ಜಿಲ್ಲೆಯ ಗಡಿಯಲ್ಲಿ ಸಂಗಮವಾಗುತ್ತವೆ. ೨೦೦೯ರ ಡಿಸೆಂಬರ್ ಕೊನೆಯಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದಾಗ ಅದಕ್ಕೆ ದೊರೆತ ಮೂರು ತಾಲ್ಲೂಕುಗಳೂ ಈ ಹೊಳೆಗಳಿಗೆ ಬೆನ್ನುಕೊಟ್ಟವೇ. ಇಲ್ಲಿಯ ಜನರಿಗೆ ಹೊಳೆ ನೋಟದ ವಸ್ತುವಲ್ಲ. ಅದನ್ನು ದಾಟಿಯೇ ಸಂತೆ, ಹೊಲ, ಬೀಗರ ಮನೆ, ಆಸ್ಪತ್ರೆ.

ದಾಟುವುದಕ್ಕೆ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ತೊಗಲು ಹೊದಿಸುವುದು ಹಳೆಯ ಪದ್ಧತಿ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಇಂಥ ದುಂಡು ದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಅವು ಹೊರುತ್ತವೆಂದು ಬರೆದಿಟ್ಟಿದ್ದಾನೆ. ಕಾಲಕ್ರಮದಲ್ಲಿ ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆಗಳು ಬಂದವು. ಆಕಾರ ಮಾತ್ರ ಬದಲಾಗಲಿಲ್ಲ. ಹರಿಗೋಲಿಗೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ಆಳವಿಲ್ಲದ ನೀರಿನಲ್ಲಿ, ಬಂಡೆಗಳ ನಡುವೆ, ಅದರಷ್ಟು ಕ್ಷೇಮವಾದ ವಾಹನ ಮತ್ತೊಂದಿಲ್ಲ. ಆದರೆ ಹರಿವಿಗೆ ಎದುರಾಗಿ ಅದು ಹೋಗಲಾರದು. ಆದಕಾರಣ ಅಂಬಿಗನು ಆಚೆ ದಡದಲ್ಲಿ ಇಳಿಯಬೇಕಾದ ಸ್ಥಳಕ್ಕಿಂತ ಬಹಳ ಮೇಲಿನಿಂದಲೇ ಹರಿಗೋಲನ್ನು ನೀರಿಗೆ ಬಿಡುತ್ತಾನೆ. ನೀರು ಕೆಳಕ್ಕೆ ಎಳೆಯುತ್ತಿರುವಾಗಲೇ ಹುಟ್ಟು ಹಾಕುತ್ತ ಅಡ್ಡ ಸರಿದು, ಗುರಿಯಿಟ್ಟ ಕಡವಿಗೆ ತಲಪುತ್ತಾನೆ. ಆ ಕಡವು ತಪ್ಪಿತೋ, ಅದರ ಕೆಳಗಿನ ಎರಡನೆಯ ಕಡವು ಯಾವುದು, ಅಲ್ಲಿ ಮುಳ್ಳಿದೆಯೇ ಬಂಡೆಯಿದೆಯೇ, ಹತ್ತಿ ಹೋದರೆ ಯಾವ ಊರ ದಾರಿ ಎಂಬುದೆಲ್ಲ ಅವನಿಗೆ ಮೊದಲೇ ತಿಳಿದಿರಬೇಕು. ಅದೇ ಅವನ ಎರಡನೆಯ ನಕಾಶೆ. ಕಾಗದದಲ್ಲಿಲ್ಲ, ತಂದೆಯಿಂದ ಮಗನ ಕಣ್ಣಿಗೆ ಬಂದದ್ದು.

ಹೊರಗಿನಿಂದ ಬಂದವನಿಗೆ ಈ ಸೌಭಾಗ್ಯವಿಲ್ಲ. ಅವನು ಕಾಗದವನ್ನೇ ನಂಬಬೇಕು. ಆದರೆ ಕಾಗದವನ್ನು ನಂಬುವುದಕ್ಕೂ ಒಂದು ಕ್ರಮವಿದೆ.

ಭಾರತ ಸರ್ವೇಕ್ಷಣ ಇಲಾಖೆಯ ನಕಾಶೆಗಳಲ್ಲಿ ಸಾಮಾನ್ಯವಾಗಿ ಕಾಲ್ನಡಿಗೆಯವರೂ ದೋಣಿಯವರೂ ಬಳಸುವುದು ೧:೫೦,೦೦೦ ಪ್ರಮಾಣದ ಹಾಳೆಗಳನ್ನು. ಇದರಲ್ಲಿ ನೆಲದ ಒಂದು ಕಿಲೋಮೀಟರು ಕಾಗದದ ಮೇಲೆ ಎರಡು ಸೆಂಟಿಮೀಟರು. ಒಂದೊಂದು ಹಾಳೆ ಅಕ್ಷಾಂಶದಲ್ಲಿ ಹದಿನೈದು ಕಲೆ, ರೇಖಾಂಶದಲ್ಲಿ ಹದಿನೈದು ಕಲೆ. ಎಂದರೆ ಈ ಸೀಮೆಯಲ್ಲಿ ಉದ್ದಗಲ ಸುಮಾರು ೨೭ ಕಿಲೋಮೀಟರಿನ ಚೌಕ. ಹಳೆಯ ಅಂಕಿಯ ಪ್ರಕಾರ ಶಹಾಪುರ ಸುರಪುರಗಳು ‘೫೬ ಡಿ’ ಎಂಬ ಗುಂಪಿಗೆ, ಯಾದಗಿರಿಯು ‘೫೬ ಎಚ್’ ಎಂಬ ಗುಂಪಿಗೆ ಸೇರುತ್ತವೆ. ಇವೆರಡನ್ನೂ ಬೇರ್ಪಡಿಸುವ ೭೭ ಡಿಗ್ರಿ ರೇಖಾಂಶವು ಶಹಾಪುರಕ್ಕೂ ಯಾದಗಿರಿಗೂ ನಡುವೆ ಹಾದುಹೋಗುತ್ತದೆ. ೨೦೦೫ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಸಾರ್ವಜನಿಕರಿಗಾಗಿ ಹೊರಬಂದ ಮಾಲೆಯಲ್ಲಿ ಹಾಳೆಗಳ ಅಂಕಿ ಬದಲಾಯಿತು. ಚೌಕ ಮಾತ್ರ ಮೊದಲಿನದೇ.

ಈ ಚೌಕಗಳಿಗೆ ಹೊಳೆಯ ಹಂಗಿಲ್ಲ, ಊರಿನ ಹಂಗಿಲ್ಲ. ನಾರಾಯಣಪುರದಿಂದ ಭೀಮಾಸಂಗಮದವರೆಗೆ ಕೃಷ್ಣೆಯನ್ನು ಬೆನ್ನಟ್ಟುವವನಿಗೆ ಐದಕ್ಕಿಂತ ಕಡಿಮೆ ಹಾಳೆಗಳು ಸಾಲವು. ಅಷ್ಟನ್ನು ಕೊಂಡು ಜೋಡಿಸಿಕೊಂಡರೆ ಹೊಳೆಯೇನೋ ಮೊದಲಿನಿಂದ ಕೊನೆಯವರೆಗೆ ಸಿಗುತ್ತದೆ. ಆದರೆ ಹೊಳೆಯನ್ನು ಬಿಟ್ಟು ಮೇಲೇರಿದರೆ ಏನುಂಟು? ಸುರಪುರ ಪಟ್ಟಣದ ಸ್ಥಾನ ೧೬ ಡಿಗ್ರಿ ೩೦ ಕಲೆಯ ಅಕ್ಷಾಂಶ ಮತ್ತು ೭೬ ಡಿಗ್ರಿ ೪೫ ಕಲೆಯ ರೇಖಾಂಶಗಳು ಒಂದನ್ನೊಂದು ಕತ್ತರಿಸುವ ಮೂಲೆಯ ಹತ್ತಿರ. ಅಲ್ಲಿ ನಾಲ್ಕು ಹಾಳೆಗಳ ತುದಿಗಳು ಕೂಡುತ್ತವೆ. ತಿಂಥಣಿಯ ಹೊಳೆ ದಕ್ಷಿಣದ ಹಾಳೆಯಲ್ಲಿ, ಸುರಪುರದ ಆಸ್ಪತ್ರೆ ಉತ್ತರದ ಹಾಳೆಯಲ್ಲಿ. ಹೊಳೆ ಹರಿಯುವ ಹಾಳೆಗಳನ್ನಷ್ಟೇ ಇಟ್ಟುಕೊಂಡವನು ಕಾಲು ಮುರಿದ ಸಂಗಡಿಗನನ್ನು ದಡಕ್ಕೆ ತಂದನೆಂದಿಟ್ಟುಕೊಳ್ಳಿ. ಅವನ ನಕಾಶೆಯ ಕಾಲುದಾರಿ ಅಂಚಿಗೆ ಬಂದು ತುಂಡಾಗುತ್ತದೆ. ಅಲ್ಲಿಂದ ಮುಂದೆ ಪಟ್ಟಣ ನಾಲ್ಕು ಹೆಜ್ಜೆಯೋ ನಲವತ್ತು ಕಿಲೋಮೀಟರೋ, ಕಾಗದ ಹೇಳುವುದಿಲ್ಲ. ಹೆಚ್ಚಿನ ಹಾಳೆಯ ಅಗತ್ಯ ತಿಳಿಯುವುದು ಆಗಲೇ.

ಈ ಪಾಠವನ್ನು ಜಗತ್ತು ಬಹಳ ಬೆಲೆ ತೆತ್ತು ಕಲಿತಿದೆ. ೧೯೦೩ರಲ್ಲಿ ಲಿಯೋನಿಡಾಸ್ ಹಬ್ಬರ್ಡ್ ಎಂಬ ಅಮೆರಿಕನ್ ಪತ್ರಕರ್ತನು ಡಿಲ್ಲನ್ ವ್ಯಾಲೆಸ್ ಮತ್ತು ಜಾರ್ಜ್ ಎಲ್ಸನ್ ಎಂಬಿಬ್ಬರೊಡನೆ ಒಂದು ಕಿರುದೋಣಿಯಲ್ಲಿ ಉತ್ತರ ಅಮೆರಿಕದ ಲ್ಯಾಬ್ರಡಾರ್ ಕಾಡನ್ನು ಹೊಕ್ಕನು. ಅವನಲ್ಲಿದ್ದ ನಕಾಶೆ ಗ್ರ್ಯಾಂಡ್ ಲೇಕ್ ಎಂಬ ಸರೋವರಕ್ಕೆ ಒಂದೇ ನದಿ ಸೇರುವಂತೆ ತೋರಿಸುತ್ತಿತ್ತು. ನಿಜದಲ್ಲಿ ಸೇರುವವು ಹಲವು. ನಾಸ್ಕೋಪಿ ನದಿಯೆಂದು ತಿಳಿದು ಅವರು ಸೂಸನ್ ಎಂಬ ಸಣ್ಣ ಹೊಳೆಯನ್ನು ಹತ್ತಿದರು. ದಿನಗಳು ಕಳೆದವು, ಆಹಾರ ಮುಗಿಯಿತು, ಹಿಂತಿರುಗುವಾಗ ಚಳಿ ಹಿಡಿಯಿತು. ಅಕ್ಟೋಬರಿನಲ್ಲಿ ಹಬ್ಬರ್ಡನು ಗುಡಾರದಲ್ಲಿ ಹಸಿವಿನಿಂದ ಸತ್ತನು. ಎಲ್ಸನ್ ನಡೆದು ಹೋಗಿ ನೆರವು ಕಳುಹಿಸಿದ್ದರಿಂದ ವ್ಯಾಲೆಸ್ ಉಳಿದನು. ಎರಡು ವರ್ಷಗಳ ಮೇಲೆ, ೧೯೦೫ರಲ್ಲಿ, ಹಬ್ಬರ್ಡನ ಹೆಂಡತಿ ಮೀನಾ ಅದೇ ಎಲ್ಸನ್‌ನ ನೆರವಿನಿಂದ ಸರಿಯಾದ ನದಿಯನ್ನು ಹಿಡಿದು ಅಂಗಾವಾ ಕೊಲ್ಲಿಯವರೆಗೂ ಹೋಗಿ, ದಾರಿಯ ನಕಾಶೆಯನ್ನು ತಾನೇ ಸಿದ್ಧಪಡಿಸಿದಳು. ಗಂಡನನ್ನು ಕೊಂದ ಖಾಲಿ ಜಾಗವನ್ನು ಹೆಂಡತಿ ಗೆರೆಯೆಳೆದು ತುಂಬಿದಳು.

ಅದಕ್ಕೂ ಹಿಂದೆ, ೧೮೬೯ರಲ್ಲಿ, ಜಾನ್ ವೆಸ್ಲಿ ಪೋವೆಲ್ ಎಂಬವನು ನಾಲ್ಕು ದೋಣಿ ಮತ್ತು ಒಂಬತ್ತು ಮಂದಿ ಸಂಗಡಿಗರೊಡನೆ ಅಮೆರಿಕದ ಕೊಲೊರಾಡೊ ನದಿಯ ಮಹಾಕಮರಿಯ ಕಡೆಗೆ ಹೊರಟನು. ಪ್ರಯಾಣದ ಮೊದಲ ವಾರಗಳಲ್ಲಿಯೇ ಒಂದು ದೋಣಿ ಬಂಡೆಗೆ ಬಡಿದು ನುಚ್ಚುನೂರಾಯಿತು. ಎತ್ತರವನ್ನು ಅಳೆಯುವ ಬ್ಯಾರೋಮೀಟರುಗಳೆಲ್ಲವೂ ಆ ಒಂದೇ ದೋಣಿಯಲ್ಲಿದ್ದುವು. ಮರುದಿನ ಒಡೆದ ದೋಣಿಯ ಭಾಗವೊಂದರಲ್ಲಿ ಅವು ಸಿಕ್ಕಿದ್ದು ಅದೃಷ್ಟ. ಆಗಸ್ಟ್ ೨೮ರಂದು ಮೂವರು, ಮುಂದಿನ ಸೆಳವಿಗೆ ಅಂಜಿ, ಹೊಳೆಯನ್ನು ಬಿಟ್ಟು ಕಮರಿಯ ಗೋಡೆ ಹತ್ತಿ ಹೋದರು. ಉಳಿದವರು ಎರಡು ದಿನಗಳಲ್ಲಿ ಕ್ಷೇಮವಾಗಿ ವರ್ಜಿನ್ ನದಿಯ ಮುಖವನ್ನು ಮುಟ್ಟಿದರು. ಹತ್ತಿ ಹೋದ ಮೂವರು ಮಾತ್ರ ಮತ್ತೆ ಜೀವಂತ ಕಾಣಲಿಲ್ಲ. ಗುರುತಿಲ್ಲದ ನೆಲಕ್ಕೆ ತೆರೆಯುವ ದಿಡ್ಡಿ ಬಾಗಿಲು ಬಾಗಿಲೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಲ್ಯಾಬ್ರಡಾರಿನ ಚಳಿಯಾಗಲಿ ಕೊಲೊರಾಡೊದ ಕಮರಿಯಾಗಲಿ ಸುರಪುರದ ಸೀಮೆಯಲ್ಲಿಲ್ಲ ಎನ್ನಬಹುದು. ಊರುಗಳು ಇಲ್ಲಿ ದೂರವಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ ಹೊಲದವರಿರುತ್ತಾರೆ. ಆದರೂ ಕೃಷ್ಣೆಯನ್ನು ಹಗುರವಾಗಿ ಕಾಣುವಂತಿಲ್ಲ. ನಾರಾಯಣಪುರದ ಕೆಳಗೆ, ಛಾಯಾಭಗವತಿಯ ಗುಡಿಯಿಂದ ಜಲದುರ್ಗದ ಕಡೆಗೆ, ಹೊಳೆಯು ದಖ್ಖನ್ನಿನ ಎತ್ತರದ ನೆಲದಿಂದ ರಾಯಚೂರಿನ ಬಯಲಿಗೆ ಧುಮುಕುತ್ತದೆ. ಸುಮಾರು ಮೂರು ಮೈಲಿಗಳೊಳಗೆ ೪೦೮ ಅಡಿ ಇಳಿತವೆಂದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಆ ಕೊರಕಲುಗಳಲ್ಲಿ ಹರಿಗೋಲಿಗೂ ಕೆಲಸವಿಲ್ಲ, ಕಿರುದೋಣಿಗೂ ಕೆಲಸವಿಲ್ಲ. ಅದರ ಕೆಳಗೆ ಹೊಳೆ ಹರವಾಗಿ, ಕವಲೊಡೆದು, ನಡುಗಡ್ಡೆಗಳನ್ನು ಬಳಸಿಕೊಂಡು ಸಾಗುತ್ತದೆ. ಬಂಡೆ, ಸುಳಿ, ಮೊಸಳೆ ಮೂರೂ ಅಲ್ಲುಂಟು.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಸಹ್ಯಾದ್ರಿಯ ಮೇಲೆ ಸುರಿದ ಮಳೆ ಈ ಬಯಲಿಗೆ ಬರುವಾಗ ಇಲ್ಲಿಯ ಆಕಾಶ ಶುಭ್ರವಾಗಿರಬಹುದು. ಹಿಂದಿನ ಅಂಬಿಗರು ನೀರಿನ ಬಣ್ಣ, ತೇಲಿಬರುವ ಕಸಕಡ್ಡಿ, ನೊರೆಗಳನ್ನು ನೋಡಿ ಹೊಳೆಯ ಮನಸ್ಸನ್ನು ಓದುತ್ತಿದ್ದರು. ಆಮೇಲೆ ಅಣೆಕಟ್ಟುಗಳು ಬಂದವು. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಪೂರ್ಣಗೊಂಡಿತು. ಭೀಮೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯ ಎದ್ದಿತು. ಒಣಭೂಮಿಗೆ ನೀರು ಬಂದಿತು, ಭತ್ತ ಬಂದಿತು. ಹೊಳೆಯ ಏರಿಳಿತ ಮಾತ್ರ ಮೋಡದ ಕೈಯಿಂದ ತಪ್ಪಿ ಬಹುಮಟ್ಟಿಗೆ ಬಾಗಿಲುಗಳ ಕೈಗೆ ಹೋಯಿತು. ಕ್ರಸ್ಟ್ ಗೇಟು ಎತ್ತಿದರೆ ಬೆಳಿಗ್ಗೆ ಮೊಣಕಾಲುದ್ದವಿದ್ದ ಕಡವು ಸಂಜೆಗೆ ಆಳುದ್ದವಾಗುತ್ತದೆ. ಅಪ್ಪನ ಕಾಲದ ನೆನಪು ಇದನ್ನು ಮುಂಗಾಣಲಾರದು. ೧೯೮೨ಕ್ಕೆ ಮುಂಚೆ ಮುದ್ರಣವಾದ ಹಾಳೆಯಲ್ಲಿ ಜಲಾಶಯವೇ ಇಲ್ಲ. ನೀರಿನಡಿ ಹೋದ ದಾರಿಗಳು ಅದರಲ್ಲಿ ಇನ್ನೂ ಕೆಂಪು ಗೆರೆಗಳಾಗಿ ನಡೆಯುತ್ತಿರುತ್ತವೆ.

೨೦೦೯ರ ಮಹಾಪೂರದಲ್ಲಿ, ಮತ್ತೆ ೨೦೧೯ರ ಆಗಸ್ಟಿನಲ್ಲಿ, ಕೃಷ್ಣೆ ದಂಡೆಯ ಊರುಗಳನ್ನು ನಡುಗಿಸಿದಳು. ೨೦೨೦ರ ಅಕ್ಟೋಬರಿನಲ್ಲಿ ಸರದಿ ಭೀಮೆಯದು. ೨೦೧೯ರಲ್ಲಿ ದೇವದುರ್ಗವನ್ನು ಶಹಾಪುರದ ಸೀಮೆಗೆ ಸೇರಿಸುವ ಹೂವಿನಹೆಡಗಿಯ ಸೇತುವೆಯೇ ನೀರಿನಲ್ಲಿ ಮುಳುಗಿತು. ನಕಾಶೆಯಲ್ಲಿ ಸೇತುವೆಯೆಂದರೆ ಎರಡು ಸಣ್ಣ ಗೆರೆ. ಅದು ಇದೆ ಎಂದು ಮಾತ್ರ ಅದು ಹೇಳುತ್ತದೆ, ಇಂದು ದಾಟಬಹುದೇ ಎಂದು ಹೇಳುವುದಿಲ್ಲ. ಸೇತುವೆ ಮುಳುಗಿದ ದಿನ ಎಡದಂಡೆಯೂ ಬಲದಂಡೆಯೂ ಎರಡು ಲೋಕಗಳಾಗುತ್ತವೆ. ಎಡದಂಡೆಯಲ್ಲಿ ಹತ್ತಿದವನಿಗೆ ಸುರಪುರ, ಶಹಾಪುರ. ಬಲದಂಡೆಯಲ್ಲಿ ಹತ್ತಿದವನಿಗೆ ಲಿಂಗಸುಗೂರು, ದೇವದುರ್ಗ. ಜಿಲ್ಲೆ ಬೇರೆ, ದಾರಿ ಬೇರೆ, ನಕಾಶೆಯ ಹಾಳೆಯೂ ಬೇರೆ.

ಈ ಹೊಳೆಯ ನಡುವೆ, ಕಕ್ಕೇರಿಯ ಹತ್ತಿರ, ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರುಂಟು. ಪ್ರವಾಹದ ದಿನಗಳಲ್ಲಿ ಅದು ಸುತ್ತಲ ನಾಡಿನಿಂದ ತುಂಡಾಗಿ ನಿಂತ ವರ್ಷಗಳು ಅನೇಕ. ೨೦೧೪ರ ಜುಲೈ ಕೊನೆಯಲ್ಲಿ ಈ ಗಡ್ಡೆಯ ತುಂಬು ಗರ್ಭಿಣಿಯೊಬ್ಬರು, ಹೆರಿಗೆಗೆ ಆಸ್ಪತ್ರೆಯ ಆಸರೆ ಬೇಕೆಂದು, ಒಣ ಕುಂಬಳ ಮತ್ತು ಸೋರೆಯ ಬುರುಡೆಗಳ ಆಧಾರದಿಂದ ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದರು. ತಂದೆ ಮತ್ತು ಸೋದರರು ಜೊತೆಯಲ್ಲಿ ಈಜಿದರು. ಈ ಸುದ್ದಿ ಕಡಲಾಚೆಗೂ ಹಬ್ಬಿತು. ಜನ ಆಕೆಯ ಎದೆಗಾರಿಕೆಯನ್ನು ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ಎದೆಗಾರಿಕೆಯೊಂದೇ ತುಂಬಿದ ಹೊಳೆಯನ್ನು ದಾಟಿಸುವುದಿಲ್ಲ. ಎಲ್ಲಿ ನೀರಿಗೆ ಇಳಿದರೆ ಸೆಳವು ಎಲ್ಲಿಗೆ ಮುಟ್ಟಿಸುತ್ತದೆ ಎಂದು ಬಲ್ಲ ಬಂಧುಗಳು ಜೊತೆಯಲ್ಲಿದ್ದುದೂ ಒಂದು ಬಲ. ಅಂಥ ಅರಿವು ಇಲ್ಲದ ಪರಸ್ಥಳದ ಈಜುಗಾರ ಎಷ್ಟೇ ಬಲಶಾಲಿಯಾದರೂ ಅದೇ ನೀರಿಗೆ ಧುಮುಕುವುದು ಸಾವನ್ನು ಕರೆದಂತೆ. ತುಂಬು ಹೊಟ್ಟೆಯ ಹೆಣ್ಣುಮಗಳು ಹೊಳೆಗೆ ಇಳಿಯಬೇಕಾಗಿ ಬಂದ ಸ್ಥಿತಿಯ ಬಗೆಗೆ ದಡದಲ್ಲಿರುವವರು ಯೋಚಿಸಬೇಕಾದದ್ದೂ ಉಂಟು. ಊರೊಂದಕ್ಕೆ ದಿಡ್ಡಿ ಬಾಗಿಲಿಲ್ಲದಿದ್ದರೆ ಅದರ ಬೆಲೆಯನ್ನು ತೆರುವವರು ಹೆಚ್ಚಾಗಿ ಬಾಣಂತಿಯರು, ಮಕ್ಕಳು, ಮುದುಕರು.

ಹಾಗಾದರೆ ನೀರು ಇಳಿದ ಮೇಲೆ, ಹಿತವಾದ ದಿನಗಳಲ್ಲಿ, ಅನುಮತಿ ಪಡೆದು ಈ ಹೊಳೆಯಲ್ಲಿ ಹೋಗಬಯಸುವವನು ಮಾಡಬೇಕಾದುದೇನು? ಹೊಳೆ ಇರುವ ಹಾಳೆಗಳ ಜೊತೆಗೆ ಎರಡೂ ದಂಡೆಗಳ ಹಾಳೆಗಳನ್ನು, ಹತ್ತಿರದ ಹೆದ್ದಾರಿ ಮತ್ತು ಆಸ್ಪತ್ರೆಯವರೆಗೆ ಮುಟ್ಟುವಂತೆ, ಕೂಡಿಸಿಕೊಳ್ಳಬೇಕು. ಹಾಳೆ ಯಾವ ವರ್ಷ ಪರಿಷ್ಕೃತವಾದದ್ದೆಂದು ಅಂಚಿನಲ್ಲಿ ಓದಿಕೊಳ್ಳಬೇಕು. ಹೊರಡುವ ಮುಂಚೆಯೇ ದಂಡೆಯ ಹಳ್ಳಿಯವರನ್ನು ಕೂರಿಸಿಕೊಂಡು, ಹೊರಬೀಳುವ ಸ್ಥಳಗಳನ್ನು ಒಂದೊಂದಾಗಿ ಗುರುತು ಹಾಕಿಸಿಕೊಳ್ಳಬೇಕು. ಪ್ರತಿಯೊಂದರ ಪಕ್ಕದಲ್ಲಿ ದಂಡೆ ಎಡವೋ ಬಲವೋ, ಊರಿಗೆ ಎಷ್ಟು ದೂರ, ನಡುವೆ ಹಳ್ಳವೋ ಕಾಲುವೆಯೋ ಅಡ್ಡ ಬರುವುದೇ ಎಂದು ಬರೆಯಬೇಕು. ಈ ಸೀಮೆಯಲ್ಲಿ ಎರೆಮಣ್ಣನ್ನು ಮರೆಯಬಾರದು. ಬಿಸಿಲಿನಲ್ಲಿ ಒಂದು ಗಂಟೆಯಲ್ಲಿ ನಡೆಯುವ ಹೊಲದ ದಾರಿ, ಮಳೆ ಬಿದ್ದರೆ ಹೆಜ್ಜೆಗೆ ಎರಡು ಸೇರು ಮಣ್ಣು ಹೊರಿಸಿ ಅರ್ಧ ದಿನ ತಿನ್ನುತ್ತದೆ. ನಕಾಶೆಯಲ್ಲಿ ಹತ್ತಿರವಾದದ್ದು ಕಾಲಿಗೆ ಹತ್ತಿರವಾಗಿರಬೇಕೆಂಬ ನಿಯಮವಿಲ್ಲ.

ಇಷ್ಟಾದ ಮೇಲೆ ಅದರ ಪ್ರತಿಗಳು. ಒಂದು ಮುಂದಿನ ದೋಣಿಯಲ್ಲಿ, ಒಂದು ಹಿಂದಿನ ದೋಣಿಯಲ್ಲಿ. ಪೋವೆಲನ ಬ್ಯಾರೋಮೀಟರುಗಳಂತೆ ಎಲ್ಲವೂ ಒಂದೇ ಕಡೆ ಇರಕೂಡದು. ದೋಣಿ ಒಂದೇ ಆದರೆ ಒಂದು ಪ್ರತಿ ಚೀಲದಲ್ಲಿ, ಇನ್ನೊಂದು ಮೈಮೇಲೆ, ನೀರು ಹೊಗದಂತೆ ಸುತ್ತಿ ಕಟ್ಟಿದ್ದು. ದೋಣಿ ಮಗುಚಿದಾಗ ಚೀಲ ಹೊಳೆಯ ಪಾಲು, ಮೈಮೇಲಿನದು ಮನುಷ್ಯನ ಪಾಲು. ಮೊಬೈಲಿನಲ್ಲಿ ನಕಾಶೆಯಿದೆಯೆಂಬ ಧೈರ್ಯ ಅದು ಒದ್ದೆಯಾಗುವವರೆಗೆ, ಬ್ಯಾಟರಿ ಮುಗಿಯುವವರೆಗೆ. ಮೂರನೆಯ ಪ್ರತಿ ಇರಬೇಕಾದ್ದು ದಡದಲ್ಲಿ. ಯಾವ ದಿನ ಯಾವ ಕಡವಿನಲ್ಲಿ ತಂಗುತ್ತೇವೆ, ಬರದಿದ್ದರೆ ಯಾವ ಯಾವ ಸ್ಥಳಗಳಲ್ಲಿ ಹುಡುಕಬೇಕು ಎಂಬುದನ್ನು ಬಲ್ಲವರೊಬ್ಬರು ಮನೆಯಲ್ಲಿಯೋ ಹಳ್ಳಿಯಲ್ಲಿಯೋ ಇರಬೇಕು. ಅಣೆಕಟ್ಟಿನಿಂದ ನೀರು ಬಿಡುವ ಸೂಚನೆಯನ್ನು ಪ್ರತಿದಿನವೂ ವಿಚಾರಿಸಿಯೇ ದೋಣಿ ಇಳಿಸಬೇಕು. ಬಿಡುವ ಸುದ್ದಿ ಬಂದರೆ ಅಂದಿನ ಪ್ರಯಾಣವಿಲ್ಲ, ಅಷ್ಟೆ.

ಇದನ್ನೆಲ್ಲ ಕೇಳಿದವರು ಇಷ್ಟೊಂದು ಭಯಪಟ್ಟುಕೊಂಡು ಹೊಳೆಗೆ ಹೋಗುವುದೇಕೆ ಎನ್ನಬಹುದು. ಭಯಪಡುವವನು ದಡದಲ್ಲಿಯೇ ಉಳಿಯುತ್ತಾನೆ. ಹೊರಬೀಳುವ ದಾರಿ ಗೊತ್ತಿರುವವನು ಮಾತ್ರ ನೀರಿನ ಮೇಲೆ ಕಣ್ತೆರೆದು ಸುತ್ತ ನೋಡಬಲ್ಲ. ಮಾಘದ ಬೆಳಗಿನಲ್ಲಿ ತಿಂಥಣಿಯ ಕೆಳಗೆ ತಿಳಿಯಾಗಿ ಹರಿಯುವ ಕೃಷ್ಣೆ, ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ, ದಂಡೆಯಲ್ಲಿ ಬಟ್ಟೆ ಒಗೆಯುವವರ ಸದ್ದು, ದೂರದ ಹೊಲದಲ್ಲಿ ಜೋಳದ ತೆನೆಗೆ ಕಾವಲು ಕುಳಿತವನ ಕೂಗು ಇವೆಲ್ಲ ದಕ್ಕುವುದು ಅಂಥವನಿಗೆ.

ಸಂಜೆಯ ವೇಳೆಗೆ ಅಂಬಿಗನು ಕೊನೆಯ ಸಾರಿಗೆ ಮುಗಿಸಿ, ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆಯುತ್ತಾನೆ. ನಾಳೆ ಮತ್ತೆ ಮೇಲಿನಿಂದಲೇ ನೀರಿಗೆ ಬಿಡಬೇಕಲ್ಲವೇ? ಕೆಳಗಿನ ಎರಡನೆಯ ಕಡವು ಅಂದು ಅವನಿಗೆ ಬೇಕಾಗಿರಲಿಲ್ಲ. ನಡೆಯುತ್ತ ನಡೆಯುತ್ತ, ಅಲ್ಲಿಯ ಮಣ್ಣು ಕುಸಿದಿದೆಯೇ, ಮುಳ್ಳು ಬೆಳೆದಿದೆಯೇ ಎಂದು ಮಾತ್ರ ಅವನು ಒಮ್ಮೆ ತಿರುಗಿ ನೋಡಿಕೊಂಡು ಹೋಗುತ್ತಾನೆ.